ಡ್ರಮ್ಮಿನ ಮೇಲಿನ ಹೆಸರು

‘ಬಿಸಿಲು’ ಬ್ಯಾಂಡಿನವರು ಸಿನಿಮಾ ಹಾಡು ನುಡಿಸಕೂಡದು. ಎಪ್ಪತ್ತರ ದಶಕದಲ್ಲಿ ಬಳ್ಳಾರಿಯ ಪಾರ್ವತಿನಗರದ ನಾಲ್ವರು ಹುಡುಗರು ರಾಕ್ ಬ್ಯಾಂಡ್ ಕಟ್ಟಿ ನನ್ನನ್ನು ಮ್ಯಾನೇಜರ್ ಮಾಡಿಕೊಂಡಾಗ ನಾನು ಬರೆದ ನಿಯಮ ಅದೊಂದೇ. ಆ ಕಾಗದಕ್ಕೆ ನಾಲ್ವರೂ ಸಹಿ ಹಾಕಿದ್ದರು.

ಅವರ ಸ್ವಂತ ಹಾಡುಗಳಿಗೆ ಬಳ್ಳಾರಿಯ ಕಾಲೇಜು ಹುಡುಗರು ಬೆಂಚು ಹತ್ತಿ ಕುಣಿದರು. ಆ ಸುದ್ದಿ ಕೇಳಿ ಹತ್ತಿರದ ಕುರುಗೋಡಿನವರು ಕಾರ್ಯಕ್ರಮಕ್ಕೆ ಕರೆಸಿದರು. ಅಲ್ಲಿ ನಮ್ಮ ಗಾಯಕ, ಹಿರಿಯರಿಗೆಂದು ಒಂದೇ ಒಂದು ಸಿನಿಮಾ ಹಾಡು ಹಾಡಿದ. ಚಪ್ಪಾಳೆ ಜೋರಾಗಿ ಬಿತ್ತು. ನಾನು ಕೇಳಿಸದವನಂತೆ ಕೂತೆ. ಬರಬರುತ್ತ ಒಂದು ಮೂರಾಯಿತು, ಮೂರು ಹತ್ತಾಯಿತು. ಕಾಲೇಜು ಹುಡುಗರು ಬರುವುದನ್ನು ಬಿಟ್ಟರು. ಡ್ರಮ್ಮಿನ ಈರಣ್ಣ ಮಾತ್ರ ಅಂಥ ಹಾಡು ಬಂದಾಗಲೆಲ್ಲ ಕೈಕಟ್ಟಿ ಕೂರುತ್ತಿದ್ದ.

ಸಿರುಗುಪ್ಪದ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವ ನೇರ ವೇದಿಕೆಗೇ ಬಂದರು.

“ಇವ ನಿದ್ದಿ ಮಾಡಾಕ ಬಂದಾನೇನ್ರಿ ಸಾರ್? ಬಾರಿಸಾಕ ಹೇಳ್ರಿ!”

“ಈರಣ್ಣ, ಇವತ್ತೊಂದಿನ ಬಾರಿಸಪ್ಪ,” ಎಂದೆ. ನಿಯಮ ಬರೆದ ನಾನೇ!

“ಆ ಕಾಗದಾ ಹರದು ಹಾಕ್ರಿ ಸಾರ್, ಬಾರಸ್ತೀನಿ.”

ಕಾಗದ ನನ್ನ ಜೇಬಿನಲ್ಲೇ ಇತ್ತು. ಹರಿಯಲು ಕೈ ಬರಲಿಲ್ಲ. ಈರಣ್ಣ ಡ್ರಮ್ಮಿನ ಕೋಲುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದ.

“ನೀ ಹೋದ್ರ ನಮ್ಮ ಬ್ಯಾಂಡ್ ಮುಗೀತಲೇ!” ಎಂದು ಗಾಯಕ ಗೋಗರೆದ.

“ಅದು ಕುರುಗೋಡಿನಾಗ ಮುಗದೈತಿ, ಲೇ.”

ಈರಣ್ಣ ‘ಬಿಸಿಲು’ ಎಂದು ಬಣ್ಣದಲ್ಲಿ ಬರೆಸಿದ್ದ ದೊಡ್ಡ ಡ್ರಮ್ಮನ್ನು ಹೊತ್ತು, ಎದುರಿಗೆ ನಿಂತಿದ್ದ ಬಳ್ಳಾರಿ ಬಸ್ಸಿನ ಮೇಲೇರಿಸಿದ. ತಾನೂ ಹತ್ತಿ ಅದರ ಪಕ್ಕ ಕೂತ. ಮದುವೆಮನೆಯವರೆಲ್ಲ ಊಟ ಬಿಟ್ಟು ರಸ್ತೆಗೆ ಬಂದು ನೋಡುತ್ತಿರಲು, ಬಸ್ಸು ಹೊರಡುತ್ತಿದ್ದಂತೆ, ನಮ್ಮ ಮೊಟ್ಟಮೊದಲ ಸ್ವಂತ ಹಾಡನ್ನು ಒಬ್ಬನೇ ಬಾರಿಸತೊಡಗಿದ.