ಕೂಸಿನ ಕಾಮಾಲೆ ನೋಡಲು ಬಂದವರು

ಸಾಗರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವ ಶ್ರೀಕರನಿಗೆ ಯಾರ ಮಾತನ್ನೂ ತೆಗೆದುಹಾಕಿ ಗೊತ್ತಿಲ್ಲ. ಆಗುವುದಿಲ್ಲ ಎನ್ನಲಾರದೆ ಊರಿನ ಸಂಘಗಳಿಗೆಲ್ಲ ಖಜಾಂಚಿಯಾದ, ಭಾವಮೈದುನನ ಓಡದ ಸ್ಕೂಟರನ್ನೂ ಕೊಂಡ. ಇಂಥ ಪುಣ್ಯಾತ್ಮ ನಲವತ್ತರ ಹತ್ತಿರ ಬಂದು, ಜೀವಮಾನದಲ್ಲಿ ಒಮ್ಮೆ, ತಾನೇ ಏನನ್ನೋ ಕೇಳಿದ. ಕೇಳಿದ್ದು ರಜೆ.

ಮಗಳು ಶ್ರೀಗೌರಿಗೆ ಕಾಮಾಲೆ ಹಿಡಿದಿತ್ತು. ಇನ್ನೂ ಒಂದನೇ ಕ್ಲಾಸಿನ ಮಗು. ಔಷಧಿಗಿಂತ ವಿಶ್ರಾಂತಿ ಮುಖ್ಯ, ಚೆನ್ನಾಗಿ ನಿದ್ದೆಯಾಗಬೇಕು, ಇಲ್ಲದಿದ್ದರೆ ಅಡ್ಮಿಟ್ ಮಾಡಬೇಕಾದೀತು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಹೆಂಡತಿ ವಿನಯಾ ತೀರ್ಥಹಳ್ಳಿಯಲ್ಲಿ ನರ್ಸು. ಇದ್ದಬದ್ದ ರಜೆಯೆಲ್ಲ ಮುಗಿಸಿ ಅವಳು ಡ್ಯೂಟಿಗೆ ಹೋಗಿದ್ದಳು. ಈಗ ಅಪ್ಪನ ಸರದಿ.

“ಮಗೂಗೆ ಹುಷಾರಿಲ್ಲಾಂದ್ರೆ ನಿಮಗ್ಯಾಕ್ರೀ ರಜೆ? ಮನೇಲಿ ಹೆಂಗಸ್ರಿಲ್ವಾ?” ಎಂದರು ಮೇಲಧಿಕಾರಿ ರಾಜೇಂದ್ರ. ತಮ್ಮ ಕಾರು ಸರ್ವೀಸಿಗೆ ಹೋದರೆ ಇಡೀ ದಿನ ರಜೆ ಹಾಕಿ ಅದರ ಪಕ್ಕದಲ್ಲೇ ಕೂರುವ ಮನುಷ್ಯ. ಕಾರಿಗೆ ತಾಯಿ ಇಲ್ಲವಲ್ಲ, ಪಾಪ! ಅಂತೂ ಗೊಣಗುತ್ತ ಸಹಿ ಹಾಕಿದರು.

ಶ್ರೀಕರ ಮನೆಯಲ್ಲಿದ್ದಾನೆ ಎಂಬ ಸುದ್ದಿ ಹಬ್ಬುವುದಕ್ಕೆ ಹೊತ್ತು ಹಿಡಿಯಲಿಲ್ಲ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗದಿದ್ದರೆ ಅದು ಜನ್ಮದಲ್ಲಿ ಮರೆಯದ ಅಪರಾಧ. ಹೋಗಿ ಕಾಯಿಲೆ ಹೆಚ್ಚಿಸಿ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಮೊದಲು ಬಂದವರು ದೂರದ ಸಂಬಂಧದ ಯಮುನತ್ತೆ. ಆಗಷ್ಟೇ ಕಣ್ಣು ಮುಚ್ಚಿದ್ದ ಮಗುವನ್ನು ಎಬ್ಬಿಸಿ, ರೆಪ್ಪೆ ಕೆಳಗೆ ಎಳೆದು, “ಹಳದಿ ಇದ್ದು ಮಾರಾಯ, ಇನ್ನೂ ಇದ್ದು!” ಎಂದು ಘೋಷಿಸಿದರು. ಆಮೇಲೆ ಗೋಡೆಗೊರಗಿ ಕೂತು, “ಚಾ ಎಂತಕ್ಕೆ? ಬ್ಯಾಡ. ಮಾಡ್ತೆ ಅಂದ್ರೆ ಅರ್ಧ ಲೋಟ ಸಾಕು” ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ಬಂದವರೆಲ್ಲರ ಕೈಯಲ್ಲೂ ಬಿಸ್ಕತ್ತಿನ ಪೊಟ್ಟಣ, ಬಾಯಲ್ಲಿ ಒಂದು ಔಷಧಿ. ಹಸಿ ನೆಲನೆಲ್ಲಿ ಅರೆದು ಕುಡಿಸು ಎಂದವರೊಬ್ಬರು, ನಿಟ್ಟೂರಿನ ಕಡೆ ಮೂಗಿಗೆ ಹನಿ ಬಿಡುತ್ತಾರಂತೆ ಎಂದವರೊಬ್ಬರು, ತೋಳಿಗೆ ಸಣ್ಣದೊಂದು ಬರೆ ಎಳೆದರೆ ಸಾಕು ಎಂದವರು ಇನ್ನೊಬ್ಬರು. ಮೂವರೂ ಮಗುವಿನ ತಲೆಯ ಮೇಲೇ ಜಗಳಕ್ಕೆ ನಿಂತರು. ಎಲ್ಲರೂ ತಪ್ಪದೆ ರೆಪ್ಪೆ ಎಳೆದು ನೋಡಿದರು. ರಜೆ ಹಾಕಿದ ಅಪ್ಪ ಎಲ್ಲಿದ್ದ? ಅಡುಗೆಮನೆಯಲ್ಲಿ, ಚಾ ಕುದಿಸುತ್ತಿದ್ದ. ಮಗಳಿಗೆ ಗಂಜಿ ಕುಡಿಸಲು ಅವನಿಗೆ ಪುರಸೊತ್ತಿಲ್ಲ. ಇನ್ನು ಸಾಕು, ಹೊರಡಿ ಎಂದೇ ಹೇಳುತ್ತೇನೆಂದು ಹಲ್ಲು ಕಚ್ಚಿಕೊಂಡು ಜಗಲಿಗೆ ಬರುತ್ತಿದ್ದ. ಬಂದು, “ಸಕ್ಕರೆ ಎಷ್ಟು?” ಎಂದು ಕೇಳುತ್ತಿದ್ದ. ಹಾಳು ಸಂಕೋಚ!

ಕೊನೆಗೆ ಬಂದವರು ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರು ಹೂವಯ್ಯ. ಚಾ ಹೀರುತ್ತ, ಮಗು ಕೇಳುತ್ತಿದೆ ಎಂಬ ಪರಿವೆಯೇ ಇಲ್ಲದೆ, “ನಮ್ಮ ತಂಗಿ ಮಗಂಗೂ ಇದೇ ವಯಸ್ಸು, ಇದೇ ಕಾಮಾಲೆ. ಚೆನ್ನಾಗೇ ಆಡ್ಕೊಂಡಿದ್ದ. ಹೋಗ್ಬಿಟ್ಟ” ಎಂದರು. ಅವರು ಎದ್ದುಹೋದ ಮೇಲೆ ಶ್ರೀಗೌರಿ ಅಪ್ಪನ ಅಂಗಿ ಹಿಡಿದುಕೊಂಡಳು.

“ಅಪ್ಪಾ, ಆ ಮಾಣಿ ಎಲ್ಲಿಗೆ ಹೋದ?”

ಕಣ್ಣು ಮುಚ್ಚಿದರೆ ತಾನೂ ಹೋಗಿಬಿಡುತ್ತೇನೆಂದು ಹೆದರಿ ಮಗು ಆಮೇಲೆ ನಿದ್ದೆಯನ್ನೇ ಮಾಡಲಿಲ್ಲ. ಮುಖ ಇನ್ನಷ್ಟು ಬಾಡಿತು. ಶ್ರೀಕರನಿಗೆ ನಿಜಕ್ಕೂ ಭಯವಾಯಿತು, ಸಿಟ್ಟೂ ಬಂತು. ಈ ಜನರನ್ನು ಬೈಯಲು ತನ್ನಿಂದಾಗದು, ಮಗಳಿಗೆ ನಿದ್ದೆ ಬೇಕೇ ಬೇಕು. ಯಾರೂ ಎಬ್ಬಿಸದ ಜಾಗ ಸಾಗರದಲ್ಲಿ ಎಲ್ಲಿದೆ ಎಂದು ಯೋಚಿಸಿದ. ಯೋಚಿಸುವುದೇನು ಬಂತು? ಇಷ್ಟು ವರ್ಷ ಸಂಬಳ ತೆಗೆದುಕೊಂಡದ್ದು ಅಲ್ಲೇ ಅಲ್ಲವೇ!

ಮರುದಿನ ಬೆಳಿಗ್ಗೆ ಉಳಿದ ರಜೆ ಬಿಟ್ಟು, ಗಂಜಿಯ ಫ್ಲಾಸ್ಕು ಹೆಗಲಿಗೆ ಹಾಕಿಕೊಂಡು, ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಕಚೇರಿಗೆ ಬಂದ. ರಾಜೇಂದ್ರ ಗಾಬರಿಯಾದರು. “ಅಂಥ ಅರ್ಜೆಂಟ್ ಫೈಲ್ ಯಾವ್ದೂ ಇಲ್ವಲ್ರೀ?” ಎಂದರು. ಅರ್ಜೆಂಟ್ ಫೈಲು ಆ ಕಚೇರಿಯಲ್ಲಿ ಯಾವತ್ತೂ ಇರಲಿಲ್ಲ ಬಿಡಿ. ಆದರೆ ಕಂಬಳಿಯೊಳಗಿನ ಹಳದಿ ಮುಖ ನೋಡಿ ತಾವೇ ರೆಕಾರ್ಡ್ ರೂಮಿನ ಬಾಗಿಲು ತೆಗೆದರು. ಅಲ್ಲಿ ಚಾಪೆ ಹಾಸಿ, ಫ್ಯಾನು ಹಾಕಿ ಮಲಗಿಸಿದ್ದೇ ತಡ, ಮಗು ನಿದ್ದೆ ಹೋಯಿತು. ಆ ಕಚೇರಿಯ ಗಾಳಿಯೇ ಹಾಗೆ, ದೊಡ್ಡವರಿಗೇ ತಡೆಯಲು ಕಷ್ಟ.

ಹನ್ನೊಂದರ ಸುಮಾರಿಗೆ ಹೊಸನಗರದಿಂದ ಜಟ್ಟಪ್ಪ ಎಂಬ ರೈತ ತನ್ನ ಕಾಗದ ಕೇಳಿಕೊಂಡು ಬಂದ. ಜವಾನ ಬೆಳ್ಳಪ್ಪ ಬಾಗಿಲಲ್ಲೇ ತಡೆದು, “ಶ್! ಮಗು ಮಲಗೈತೆ, ನಾಳೆ ಬಾ” ಎಂದ. ಮಳೆಗಾಲಕ್ಕೂ ಮುಂಚಿನಿಂದ ‘ನಾಳೆ ಬಾ’ ಕೇಳುತ್ತಿದ್ದ ಜಟ್ಟಪ್ಪನಿಗೆ ಅದನ್ನು ಕಾರಣಸಮೇತ ಕೇಳಿದ್ದು ಅದೇ ಮೊದಲು. “ಮಲಕ್ಕಳ್ಳಿ ಬಿಡಿ, ಪಾಪ” ಎಂದು ಸದ್ದಿಲ್ಲದೆ ಮೆಟ್ಟಿಲಿಳಿದ.

ಮಧ್ಯಾಹ್ನ ಕಳೆದರೂ ಮಗು ಮಗ್ಗುಲು ಬದಲಿಸಲಿಲ್ಲ. ಶ್ರೀಕರ ಪಕ್ಕದಲ್ಲಿ ಕೂತು, ಎಷ್ಟೋ ದಿನದ ಮೇಲೆ ಅವಳು ಹಗುರಾಗಿ ಉಸಿರಾಡುವುದನ್ನು ನೋಡುತ್ತಿದ್ದ. ಆಗ ಫೋನು ಬಂತು. ಬೀಗ ಹಾಕಿದ ಮನೆಯ ಜಗಲಿಯಿಂದ ಯಮುನತ್ತೆ. ಹಿಂದಿನಿಂದ ಇನ್ನೂ ನಾಲ್ಕಾರು ದನಿ ಕೇಳಿಸುತ್ತಿದ್ದವು.

“ಕೂಸಿಗೆ ಹುಷಾರಿಲ್ಲೆ, ನೀ ಆಫೀಸಲ್ಲಿ ಹೋಗಿ ಕೂತಿದ್ಯನೋ? ಕೂಸನ್ನ ಯಾರ ಮನೇಲಿ ಬಿಟ್ಟಿಕ್ಕಿ ಹೋದೆ? ನೀ ಎಂತ ಅಪ್ಪನೋ! ಕೂಸನ್ನ ನೋಡಲೆ ಎಂಗೊ ಇಷ್ಟು ಜನ ಇಲ್ಲಿ ಬಂದು ನಿಂತಿದ್ಯ!”

ಕೂಸು ನನ್ನ ಹತ್ತಿರವೇ ಇದೆ ಎನ್ನಲು ಶ್ರೀಕರ ಬಾಯಿ ತೆರೆದ. ಹೇಳಿದರೆ ಅಪವಾದ ತಪ್ಪುತ್ತಿತ್ತು. ಆದರೆ ತನ್ನ ಮನೆಯ ಜಗಲಿಯಿಂದ ಕಚೇರಿಗೆ ಆಟೋದಲ್ಲಿ ಎಷ್ಟು ಹೊತ್ತಿನ ದಾರಿ? ಅವನು ಮಗಳ ಮುಚ್ಚಿದ ಕಣ್ಣುಗಳನ್ನೊಮ್ಮೆ ನೋಡಿದ.

“ಹೌದತ್ತೆ” ಎಂದ, ಪಿಸುದನಿಯಲ್ಲಿ. “ನಂಗೆ ಮಕ್ಕಳ ಮೇಲೆ ಪ್ರೀತಿಯೇ ಇಲ್ಲೆ.”