ಏಳನೆಯ ಕೈ

ಹುರಿದ ಶೇಂಗಾವನ್ನು ಮೊರಕ್ಕೆ ಸುರಿದು ಆರಲು ಬಿಟ್ಟಿದ್ದೆ. ಚಟ್ನಿಪುಡಿಯ ಕೆಲಸದಲ್ಲಿ ಕಷ್ಟದ್ದು ಕುಟ್ಟುವುದಲ್ಲ, ಕಾಯುವುದು. ಬಿಸಿ ಇರುವಾಗ ಅವಸರ ಮಾಡಿ ತಿಕ್ಕಿದರೆ ಅಂಗೈ ಸುಡುತ್ತದೆಯೇ ಹೊರತು ಸಿಪ್ಪೆ ಬಿಡುವುದಿಲ್ಲ. ನಾನು ಮೂವತ್ತು ವರ್ಷದಿಂದ ಅವಸರ ಮಾಡುತ್ತಲೇ ಬಂದಿದ್ದೇನೆ, ಕೈ ಸುಟ್ಟುಕೊಳ್ಳುತ್ತಲೇ ಬಂದಿದ್ದೇನೆ. ಅವತ್ತೂ ಎರಡು ಹಿಡಿ ತಿಕ್ಕಿ ಕೈಗೆ ಗಾಳಿ ಊದಿಕೊಳ್ಳುತ್ತಿರುವಾಗ ಫೋನು ಹೊಡೆದುಕೊಂಡಿತು. ದಾವಣಗೆರೆಯ ಆಸ್ಪತ್ರೆಯಿಂದ ಶಾಹೀನಾ, ನನ್ನ ಗೆಳತಿ ರಜಿಯಾಳ ಮಗಳು. ಚಿಕ್ಕಂದಿನಿಂದ ನನ್ನನ್ನು ಖಾಲಾ ಎಂದೇ ಕರೆಯುತ್ತಾಳೆ. ತಾಯಿಯ ಅಕ್ಕತಂಗಿಯರಿಗೆ ಅವರು ಅನ್ನುವ ಮಾತು ಅದು.

"ಖಾಲಾ, ಅಮ್ಮಿಗೆ ನಾಳೆ ಮುಂಜಾನೆ ಎದಿ ಆಪರೇಷನ್ ಅಂತ ಡಾಕ್ಟರು ಹೇಳ್ಯಾರ. ಒಳಗ ಹೋಗೂದಕ್ಕಿಂತ ಮದ್ಲು ನಿಮ್ಮನ್ನೂ ನಾಗವೇಣಿ ಖಾಲಾನ್ನೂ ನೋಡಬೇಕಂತಾಳ. ಬರ್ತೀರೇನ್ರಿ?"

ಬರುತ್ತೇವೆ ಎಂದೆ. ಫೋನಿಟ್ಟು ನೇರವಾಗಿ ದೇವರ ಜಗಲಿಗೆ ಹೋದೆ. ಕೈ ಮುಗಿಯಲು ಅಂದುಕೊಳ್ಳಬೇಡಿ. ಅದೂ ಇತ್ತು. ಆದರೆ ಅದಕ್ಕಿಂತ ಮೊದಲು ನನ್ನ ಕೈ ಹೋದದ್ದು ಕೊಟ್ಟೂರೇಶ್ವರನ ಪಟದ ಹಿಂದಕ್ಕೆ. ಅಲ್ಲಿ ಹತ್ತು ವರ್ಷದಿಂದ ಒಂದು ಫೋಟೋ ಬಚ್ಚಿಟ್ಟಿದ್ದೆ. ಮನೆಯವರಿಗೂ ಗೊತ್ತಿರಲಿಲ್ಲ. ಆ ಫೋಟೋದಲ್ಲಿ ನಾವು ಮೂವರು ಗೆಳತಿಯರು ಒಟ್ಟಿಗೆ ನಿಂತಿದ್ದೇವೆ. ಬಚ್ಚಿಡಲು ಕಾರಣ ಅದೇ, ಮೂವರು ಇದ್ದದ್ದು.

ಮೂವರು ಒಟ್ಟಿಗೆ ಫೋಟೋ ತೆಗೆಸಿಕೊಂಡರೆ ಒಬ್ಬರು ಬೇಗ ಹೋಗುತ್ತಾರೆ ಎಂಬ ಮಾತು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ನಮ್ಮ ಮನೆಯಲ್ಲಿ ಅದು ಬರೀ ಮಾತಾಗಿರಲಿಲ್ಲ. ನಮ್ಮವ್ವ ಮತ್ತು ಅವಳ ಇಬ್ಬರು ತಂಗಿಯರು ಹರಪನಹಳ್ಳಿಯ ಸ್ಟುಡಿಯೋದಲ್ಲಿ ಒಂದು ಫೋಟೋ ತೆಗೆಸಿದ್ದರು. ಸ್ಟುಡಿಯೋದವನು, "ಮೂವರಾಗ್ತೀರಿ, ಕೈಯಾಗ ಈ ಗೊಂಬಿ ಹಿಡಕೊಳ್ರಿ," ಎಂದನಂತೆ. ಇವರು ನಕ್ಕು ಬೇಡ ಎಂದರಂತೆ. ವರ್ಷ ತುಂಬುವುದರೊಳಗೆ ನಡುವೆ ನಿಂತ ಚಿಕ್ಕಮ್ಮ ಹೆರಿಗೆಯಲ್ಲಿ ತೀರಿಕೊಂಡಳು. ಅವ್ವ ಸಾಯುವ ತನಕ ಆ ಗೊಂಬೆಯ ಮಾತು ಆಡುತ್ತಿದ್ದಳು. ಗೊಂಬೆಗೆ ಅಷ್ಟು ಶಕ್ತಿ ಇತ್ತೋ ಇಲ್ಲವೋ, ನನಗೆ ತಿಳಿಯದು. ಆದರೆ ಹಿಡಿದುಕೊಳ್ಳಲು ಏನು ಭಾರವಿತ್ತು?

ಇನ್ನು ನಮ್ಮ ಮೂವರ ವಿಷಯ. ರಜಿಯಾ ಕೊಟ್ಟೂರಿನಲ್ಲಿ ನಮ್ಮ ಓಣಿಯ ಟೇಲರಮ್ಮ. ಗಂಡ ಮೋಟಾರು ರಿಪೇರಿ ಮಾಡುತ್ತಿದ್ದ. ಇವಳು ನಡುಮನೆಯಲ್ಲಿ ಮಿಷನ್ ಇಟ್ಟುಕೊಂಡು ಓಣಿಯ ಎಲ್ಲ ಹೆಂಗಸರ ಕುಬುಸ ಹೊಲಿಯುತ್ತಿದ್ದಳು. ಅಳತೆ ಬರೆದಿಟ್ಟುಕೊಂಡವಳೇ ಅಲ್ಲ. "ತೋಳು ನೋಡಿದ್ರ ಸಾಕು, ಮುಖ ಮರ್ತರೂ ತೋಳು ಮರಿಯಂಗಿಲ್ಲ," ಅನ್ನುವವಳು. ನಾಗವೇಣಿ ಮೇಷ್ಟರ ಹೆಂಡತಿ, ಎತ್ತರದ ಆಳು, ಮಾತೂ ಎತ್ತರವೇ. ನಾನು ಇಬ್ಬರಿಗಿಂತ ನಾಲ್ಕು ವರ್ಷ ದೊಡ್ಡವಳು. ಆದ್ದರಿಂದ ಇಬ್ಬರಿಗೂ ಅಕ್ಕ, ಮತ್ತು ಇಬ್ಬರ ಗೇಲಿಗೂ ಗುರಿ.

ನಾಗವೇಣಿಯ ಅಕ್ಕ ಮುಂಬೈಯಲ್ಲಿದ್ದಳು. ಆ ಅಕ್ಕನ ಮಗಳು ಚೊಚ್ಚಲ ಬಸುರಿ, ಅವಳಿಗೆ ಕುಬುಸದ ಕಾರ್ಯ. ಹೊಸ ಕುಬುಸ ತೊಡಿಸಿ ಉಡಿ ತುಂಬುವುದು. ಆ ಕುಬುಸ ಹೊಲಿದವಳು ರಜಿಯಾ. ನಾಗವೇಣಿ ಹಟ ಹಿಡಿದಳು. "ಹೊಲ್ದಾಕಿನ ಬಂದು ತೊಡಸ್ಲಿ. ಅಕ್ಕಾ, ನೀನೂ ಬಾ. ಹಾಡು ಹೇಳಾಕ ಒಬ್ಬರು ಬೇಕು." ಗಂಡಸರು ಹೂಂ ಅಂದದ್ದು ಹೇಗೆ ಎಂದು ಇವತ್ತಿಗೂ ನನಗೆ ಆಶ್ಚರ್ಯ. ನಮ್ಮ ಮನೆಯವರು ಗುಂತಕಲ್ಲಿನ ತನಕ ಬಂದು ರೈಲು ಹತ್ತಿಸಿದರು. ನಾಗವೇಣಿಯ ಭಾವ ದಾದರಿನಲ್ಲಿ ಇಳಿಸಿಕೊಂಡರು. ರಜಿಯಾ ಒಂದೇ ಥಾನಿನ ಗಿಣಿಹಸಿರು ಬಟ್ಟೆಯಲ್ಲಿ ನಮ್ಮ ಮೂವರಿಗೂ ಕುಬುಸ ಹೊಲಿದಿದ್ದಳು. ಜನಜಂಗುಳಿಯಲ್ಲಿ ಕಳೆದುಹೋದರೆ ಹುಡುಕಲು ಸಸಾರ ಎಂದು.

ಮೇಷ್ಟರು ತಮ್ಮ ಶಾಲೆಯ ಸಮಾರಂಭಗಳಿಗೆ ಇಟ್ಟುಕೊಂಡಿದ್ದ ಕ್ಯಾಮೆರಾ ಕೊಟ್ಟಿದ್ದರು. "ಮೂವತ್ತಾರು ಫೋಟೋ ಬರ್ತಾವ. ಸೂರ್ಯ ನಿಮ್ಮ ಬೆನ್ನಿಗಿರ್ಲಿ. ಹಿಂದಿನ ಬಾಗಲಾ ಮಾತ್ರ ತೆಗೀಬ್ಯಾಡ್ರಿ," ಎಂದು ಮೂರು ಸಲ ಹೇಳಿ ನನ್ನ ಕೈಗಿಟ್ಟರು. ಮೂವರಲ್ಲಿ ಜವಾಬ್ದಾರಿಯವಳು ನಾನು ಎಂದು ಅವರ ತಿಳಿವಳಿಕೆ. ನಾನು ಜವಾಬ್ದಾರಿಯಿಂದ ಅದಕ್ಕೆ ವಿಭೂತಿ ಹಚ್ಚಿದೆ. ಕಣ್ಣಿನ ಗಾಜಿಗೆ ಹಚ್ಚಬಾರದು ಎಂದು ಅವರು ಹೇಳಿರಲಿಲ್ಲ. ಪುಣ್ಯಕ್ಕೆ ರಜಿಯಾ ನೋಡಿ ಸೆರಗಿನಿಂದ ಒರೆಸಿದಳು.

ಮುಂಬೈಯನ್ನು ನಾನು ಹೇಗೆ ಹೇಳಲಿ? ಬಸ್ಸಿನ ಮೇಲೆ ಇನ್ನೊಂದು ಬಸ್ಸು ಕೂತಿತ್ತು. ಒಂದು ಮನೆಯ ಮೇಲೆ ಇಪ್ಪತ್ತು ಮನೆ. ಒಂದೊಂದು ಕಿಟಕಿಯಲ್ಲೂ ಒಗೆದ ಬಟ್ಟೆ. ಅಷ್ಟು ಎತ್ತರದಲ್ಲೂ ಒಬ್ಬ ಹೆಣ್ಣುಮಗಳು ನನ್ನ ಹಾಗೆಯೇ ಬಟ್ಟೆ ಹಿಂಡಿ ಒಣಹಾಕಿದ್ದಾಳಲ್ಲ ಎಂದು ನೋಡುತ್ತ ನೋಡುತ್ತ ನನ್ನ ಕತ್ತು ನೋಯಿತು. ಗೆಳತಿಯರಿಬ್ಬರನ್ನು ಕಟ್ಟಡದ ಮುಂದೆ ನಿಲ್ಲಿಸಿ, ಕಟ್ಟಡದ ತುದಿಯೂ ಬರಲಿ ಎಂದು ಹಿಂದಕ್ಕೆ ಬಾಗಿ ಬಾಗಿ ಒತ್ತುತ್ತಿದ್ದೆ. ಆಮೇಲೆ ನೋಡಿದರೆ ಇಪ್ಪತ್ತು ಮಹಡಿಯೂ ಪೂರ್ತಿ ಬಂದಿದ್ದವು, ಕೆಳಗೆ ಅಂಚಿನಲ್ಲಿ ಎರಡು ಬೈತಲೆಗಳು.

ತೆಗೆಯುವುದು ಸರದಿಯ ಮೇಲೆ. ಒಬ್ಬರು ಕ್ಯಾಮೆರಾ ಹಿಡಿದರೆ ಇಬ್ಬರು ನಿಲ್ಲುವುದು. ಯಾರೂ ಹೇಳದೆಯೇ ಮೂವರ ಭಯ ತಪ್ಪಿತ್ತು. ಆದರೂ ಹೆಚ್ಚು ಸಲ ಕ್ಯಾಮೆರಾ ನನ್ನ ಕೈಯಲ್ಲೇ ಇತ್ತು, ಯಾಕೆಂದರೆ ನಾನೇ ಬಿಡಲಿಲ್ಲ. ಆ ಸಣ್ಣ ಕಿಂಡಿಗೆ ಕಣ್ಣಿಟ್ಟಾಗ ಆದದ್ದನ್ನು ನಿಮಗೆ ಹೇಳಿದರೆ ನಗಬೇಡಿ. ಅಷ್ಟು ದೊಡ್ಡ ಪಟ್ಟಣ ಬೆಂಕಿಪೊಟ್ಟಣದಷ್ಟಾಗಿ, ಅದರ ನಡುವೆ ನನ್ನ ಇಬ್ಬರು ಗೆಳತಿಯರ ಮುಖ ಮಾತ್ರ ಉಳಿಯುತ್ತಿತ್ತು. ಹದಿನೈದು ವರ್ಷದಿಂದ ದಿನಾ ಕಂಡ ಮುಖಗಳು. ಆದರೆ ರಜಿಯಾಳನ್ನು ಕಂಡದ್ದು ಮಿಷನ್ನಿನ ಮೇಲೆ ಬಗ್ಗಿದಾಗ, ನಾಗವೇಣಿಯನ್ನು ಕಂಡದ್ದು ಕೊಡ ಹೊತ್ತಾಗ. ಕೈಯಲ್ಲಿ ಏನೂ ಇಲ್ಲದೆ, ಯಾರೂ ಕರೆಯದೆ, ಸುಮ್ಮನೆ ನಿಂತ ಅವರನ್ನು ನಾನು ನೋಡಿರಲೇ ಇಲ್ಲ. ರಜಿಯಾಳ ಗಲ್ಲದಲ್ಲಿ ಒಂದು ಕುಳಿ ಬೀಳುತ್ತದೆ ಎಂದು ನನಗೆ ತಿಳಿದದ್ದು ಮುಂಬೈಯಲ್ಲಿ. ದೇವರು ಇಷ್ಟು ಚೆಂದ ಮಾಡಿ ನಮ್ಮ ಓಣಿಯಲ್ಲಿ ಇಟ್ಟಿದ್ದಾನಲ್ಲ ಎಂದು ಕಿಂಡಿಯ ಹಿಂದೆ ನನ್ನ ಕಣ್ಣು ಒದ್ದೆಯಾಗುತ್ತಿತ್ತು.

"ಒತ್ತು ಅಕ್ಕಾ, ನಕ್ಕು ನಕ್ಕು ದವಡಿ ಹಿಡಕಂತು," ಎಂದು ನಾಗವೇಣಿ ಕೂಗುವಳು.

ಕೊನೆಯ ದಿನ ಸಂಜೆ ಭಾವ ಸಮುದ್ರಕ್ಕೆ ಕರೆದುಕೊಂಡು ಹೋದರು. ನನ್ನ ತವರು ಹಂಪಸಾಗರ. ತುಂಗಭದ್ರೆಯ ಹಿನ್ನೀರು ನೋಡಿ ಬೆಳೆದವಳು, ನೀರಿನ ವಿಷಯದಲ್ಲಿ ಈ ಇಬ್ಬರಿಗಿಂತ ನಾನೇ ತಿಳಿದವಳು ಎಂಬ ಜಂಬವಿತ್ತು. ಹೋಗಿ ನಿಂತೆ. ಜಂಬ ಎಲ್ಲಿ ಹೋಯಿತೋ.

"ಆಚಿ ದಂಡಿ ಎಲ್ಲೈತ್ರಿ?" ಎಂದೆ ಭಾವನಿಗೆ.

"ಇಲ್ಲಬೇ. ಹಿಂಗ ಹೋದ್ರ ಅರಬರ ದೇಶ."

ಅಷ್ಟು ಕೇಳಿದ್ದೇ ರಜಿಯಾ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಎರಡೂ ಅಂಗೈ ಬಿಚ್ಚಿ, ತುಟಿ ಅಲ್ಲಾಡಿಸುತ್ತ ನಿಂತುಬಿಟ್ಟಳು. ನಾನು ಕೊರಳಿನ ಲಿಂಗ ಮುಟ್ಟಿಕೊಂಡೆ. ನಾಗವೇಣಿ ಚಪ್ಪಲಿ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನೀರು ಬಂದು ಮೂವರ ಪಾದ ತೊಳೆದು ಹೋಯಿತು, ಮತ್ತೆ ಬಂತು. ನಾವು ಎಲ್ಲಿಯವರು ಎಂದು ಅದು ಕೇಳಲಿಲ್ಲ. ಅಷ್ಟು ದೊಡ್ಡದರ ಮುಂದೆ ಅಷ್ಟು ಸಣ್ಣವಳಾಗಿ ನಿಂತು ನನಗೆ ಹೆದರಿಕೆಯಾಗಲಿಲ್ಲ, ಹಗುರವಾಯಿತು. ಯಾಕೆ ಎಂದು ಈಗಲೂ ಹೇಳಲಾರೆ.

ಕ್ಯಾಮೆರಾದಲ್ಲಿ ಒಂದೇ ಒಂದು ಉಳಿದಿತ್ತು. "ಇದು ಮೂರೂ ಮಂದೀದು. ಭಾವ ತೆಗೀತಾರ," ಎಂದಳು ನಾಗವೇಣಿ.

"ಬ್ಯಾಡ," ಎಂದೆ. ಚಿಕ್ಕಮ್ಮನ ಕಥೆ ಹೇಳಿದೆ.

"ಸಮುದ್ರದ ಮುಂದ ನಿಂತು ಇಂಥ ಮಾತೇನಬೇ ನಿಂದು?"

ಜಗಳ ಬಿಡಿಸಿದವಳು ರಜಿಯಾ. ಹತ್ತಿರದಲ್ಲೇ ಒಬ್ಬ ಗಿಡ್ಡ ಹೆಂಗಸು ಬುಟ್ಟಿಯಲ್ಲಿ ಹುರಿದ ಶೇಂಗಾ ಇಟ್ಟುಕೊಂಡು ಕಾಗದದ ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ಬುಟ್ಟಿಯಲ್ಲಿ ಕೆಂಡದ ಮಡಕೆ. ನಮ್ಮ ಅಡುಗೆಮನೆಯದೇ ವಾಸನೆ. ರಜಿಯಾ ತನ್ನ ಉರ್ದುವಿನಲ್ಲಿ ಏನೋ ಹೇಳಿದಳು. ಆಕೆ ನಾಚಿಕೊಂಡು, ನಕ್ಕು, ಬುಟ್ಟಿ ಕೆಳಗಿಟ್ಟು ಬಂದು ನಮ್ಮ ಹಿಂದೆ ನಿಂತಳು. "ತಗೋ ಅಕ್ಕಾ, ನಾಕು ಆದ್ವು," ಎಂದಳು ರಜಿಯಾ. ಭಾವ ಒತ್ತಿದರು. ಅದೇ ಗಳಿಗೆಗೆ ಗಾಳಿ ಬಂತು.

ಊರಿಗೆ ಬಂದ ಮೇಲೆ ಫೋಟೋ ತೊಳೆಸಿ ತರುವ ಕೆಲಸವೂ ನನ್ನದೇ. ಸ್ಟುಡಿಯೋ ನಮ್ಮ ಮನೆಯವರ ಅಂಗಡಿಯ ಪಕ್ಕದಲ್ಲಿತ್ತು. ಕೊನೆಯದನ್ನು ಹಿಡಿದು ತಲೆ ಎಣಿಸಿದೆ. ನಾನಿದ್ದೆ, ನಡುವೆ ರಜಿಯಾ ಇದ್ದಳು, ನಾಗವೇಣಿ ಇದ್ದಳು. ನಾಗವೇಣಿಯ ಸೆರಗು ಹಾಯಿಯ ಹಾಗೆ ಉಬ್ಬಿ ಮೇಲೆದ್ದಿತ್ತು. ಶೇಂಗಾದವಳು ಎಲ್ಲೂ ಇರಲಿಲ್ಲ.

ಹರಿದು ಹಾಕಲು ಕೈ ಬರಲಿಲ್ಲ. ನಗುವ ಮೂರು ಮುಖಗಳನ್ನು ಹರಿಯುವುದು ಇನ್ನೂ ಕೆಟ್ಟದ್ದಲ್ಲವೇ? ತಂದು ದೇವರ ಹಿಂದೆ ಇಟ್ಟೆ. "ಕೊನೇದು ಬೆಳಕು ಬಿದ್ದು ಕೆಟ್ಟೈತಂತ," ಎಂದು ಇಬ್ಬರಿಗೂ ಸುಳ್ಳು ಹೇಳಿದೆ. ಅಲ್ಲಿಂದ ದಿನಾ ಒಂದು ಊದಿನಕಡ್ಡಿ ಹೆಚ್ಚಿಗೆ. ವರ್ಷ ಕಳೆದಾಗೆಲ್ಲ, ಮೂವರೂ ಇದ್ದೇವೆ ಎಂದು ಎಣಿಸಿ ಉಸಿರು ಬಿಡುತ್ತಿದ್ದೆ. ಫೋಟೋವನ್ನು ಮಾತ್ರ ಮತ್ತೆ ತೆಗೆದು ನೋಡುವ ಧೈರ್ಯವಾಗಲಿಲ್ಲ. ಹೀಗಿರುವಾಗ ರಜಿಯಾಳ ಎದೆಯ ಸುದ್ದಿ. ನಡುವೆ ನಿಂತವಳು.

ಹರಪನಹಳ್ಳಿ ಮೇಲೆ ಹೋಗುವ ಬಸ್ಸಿನಲ್ಲಿ ನಾಗವೇಣಿಯ ಪಕ್ಕ ಕೂತಿದ್ದೆ. ಫೋಟೋ ನನ್ನ ಚೀಲದಲ್ಲಿತ್ತು. ಹೇಳಿದರೆ ಆಪರೇಷನ್ನಿಗೆ ಹೋಗುವವಳನ್ನು ಹೆದರಿಸಿದ ಹಾಗೆ. ಹೇಳದಿದ್ದರೆ, ನಾಳೆ ಏನಾದರೂ ಆದರೆ, ಸುಳ್ಳು ನನ್ನ ಕೊರಳಿಗೆ ಹಾಗೆಯೇ ಉಳಿಯುತ್ತದೆ. ದಾವಣಗೆರೆ ಬರುವ ತನಕ ಮನಸ್ಸಿನಲ್ಲೇ ಕೊಟ್ಟೂರೇಶ್ವರನನ್ನು ಕೇಳಿದೆ. ಅವನು ಏನೂ ಹೇಳಲಿಲ್ಲ.

ರಜಿಯಾ ಮಂಚದ ಮೇಲೆ ಅರ್ಧ ಆಗಿದ್ದಳು. ನಮ್ಮನ್ನು ಕಂಡು ಗಲ್ಲದ ಕುಳಿ ಬಿತ್ತು. ಆ ಕುಳಿ ನೋಡಿದ ಮೇಲೆ ನನಗೆ ತಡೆಯಲಾಗಲಿಲ್ಲ. ಫೋಟೋ ತೆಗೆದು ಅವಳ ಕೈಗಿಟ್ಟೆ, ಎಲ್ಲ ಹೇಳಿ ಅತ್ತುಬಿಟ್ಟೆ.

"ಹತ್ತು ವರ್ಸ ಸುಳ್ಳು ಹೇಳೀಯಲ್ಲಬೇ," ಎಂದಳು ನಾಗವೇಣಿ. "ನಿನ್ನ ಕೈಲೆ ನಾವು ವಿಭೂತಿ ಬ್ಯಾರೆ ಹಚ್ಚಿಸ್ಕಂತಿದ್ವಿ."

ರಜಿಯಾ ಕನ್ನಡಕ ಹಾಕಿಕೊಂಡು, ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಟ್ಟೆಯ ಹೊಲಿಗೆ ನೋಡುವ ಹಾಗೆ ನೋಡಿದಳು.

"ಅಕ್ಕಾ, ನನ್ನ ಹೆಗಲ ಮ್ಯಾಲಿನ ಕೈ ಯಾರದು?"

"ನಾಗವೇಣಿದು," ಎಂದೆ.

"ಆಕಿ ಎರಡೂ ಕೈಯಾಗ ಚಪ್ಪಲಿ ಹಿಡಕೊಂಡಾಳ ನೋಡು. ನಿನ್ನ ಒಂದು ಕೈಯಾಗ ಚೀಲ, ಇನ್ನೊಂದು ಕೊಳ್ಳಾಗ ಲಿಂಗದ ಮ್ಯಾಲೆ. ನನ್ನವೆರಡೂ ಇಲ್ಲೆ ಅದಾವ. ಎಣಸು."

ಎಣಿಸಿದೆ. ಮತ್ತೆ ಎಣಿಸಿದೆ. ಏಳು.

"ನೀ ತಲಿ ಎಣಿಸೀಯ, ನಾನು ತೋಳು ಎಣಸ್ತೀನಿ," ಎಂದಳು ರಜಿಯಾ. "ನಮ್ಮ ಮೂವರಿಗೂ ನಾನು ಗಿಡ್ಡ ತೋಳು ಹೊಲ್ದಿದ್ದೆ. ಇದೂ ಹಸರ ಐತಿ, ಆದ್ರ ಮೊಣಕೈ ತನ ಬಂದೈತಿ. ಅಂಚು ಕೈಹೊಲಿಗಿ. ಈ ತೋಳು ನಾ ಹೊಲ್ದಿದ್ದಲ್ಲ. ನಾಕನೇಕಿ ಬಂದಾಳ ಅಕ್ಕಾ. ನಾಗವೇಣಿ ಸೆರಗಿನ ಹಿಂದ ಅದಾಳ. ಮುಖ ತೋರ್ಸಿಲ್ಲ ಅಷ್ಟ, ಕೈ ಬಿಟ್ಟಿಲ್ಲ."

ಹತ್ತು ವರ್ಷ ಆ ಕೈ ನನ್ನ ದೇವರ ಹಿಂದೆಯೇ ಇತ್ತು. ಶೇಂಗಾ ಮಾರುವ, ಹೆಸರು ಗೊತ್ತಿಲ್ಲದ ಒಬ್ಬಳ ಕೈ, ನನ್ನ ಗೆಳತಿಯ ಹೆಗಲನ್ನು ಹಿಡಿದುಕೊಂಡು ನಿಂತಿತ್ತು. ನಾನು ಊದಿನಕಡ್ಡಿ ಹಚ್ಚಿ ಬೇಡುತ್ತಿದ್ದದ್ದನ್ನು ದೇವರು ಮೊದಲೇ ಕೊಟ್ಟಿದ್ದ. ನಾನು ಕೈ ಎಣಿಸಿರಲಿಲ್ಲ.

ಫೋಟೋವನ್ನು ರಜಿಯಾ ತಿರುಗಿ ಕೊಡಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಳು.

ರಾತ್ರಿಯೇ ಊರಿಗೆ ಮರಳಿದೆವು. ಮರುದಿನ ಹಗಲೆಲ್ಲ ನಾನು ಫೋನಿನ ಪಕ್ಕ ಕೂತಿದ್ದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಶಾಹೀನಾಳ ದನಿ ಬಂತು.

"ಖಾಲಾ, ಅಮ್ಮಿ ಕಣ್ಣು ಬಿಟ್ಟಾಳ. ಬಾಯಾಗ ನಳಗಿ ಹಾಕ್ಯಾರ, ಮಾತಾಡಾಕ ಬರಂಗಿಲ್ಲ. ನಿಮಗ ಫೋನ್ ಮಾಡ್ತೀನಿ ಅಂದೆ. ಕೈ ಎತ್ತಿ ನಾಕು ಬೆರಳು ತೋರಿಸಿದ್ಲು. ಏನಂತ ತಿಳೀಲಿಲ್ಲ. ನಿಮಗೇನರ ಗೊತ್ತೈತೇನ್ರಿ?"

"ಗೊತ್ತೈತಿ ತಾಯಿ," ಎಂದೆ.

ದೀಪ ಹಚ್ಚಿ, ಮೊದಲು ರಜಿಯಾಳ ಹೆಸರು ಹೇಳಿ, ಆಮೇಲೆ, "ಆ ಶೇಂಗಾದಾಕಿ ಎಲ್ಲೇ ಇರ್ಲಿ, ಆಕಿ ಕೈ ಗಟ್ಟಿ ಇರ್ಲಿ," ಎಂದು ಬೇಡಿಕೊಂಡೆ. ಈಗಲೂ ನಾನು ಮೂವರ ಫೋಟೋ ತೆಗೆಸಿಕೊಳ್ಳುವವಳಲ್ಲ. ಆದರೆ ಯಾರಾದರೂ ಮೂವರು ನಿಂತದ್ದು ಕಂಡರೆ ಹೆದರಿಕೆಗೆ ಮೊದಲು ಅವರ ಹಿಂದೆ ನೋಡುತ್ತೇನೆ.

ಅಡುಗೆಮನೆಗೆ ಬಂದರೆ ಮೊರದಲ್ಲಿ ನಿನ್ನೆಯ ಶೇಂಗಾ ಹಾಗೆಯೇ ಇತ್ತು. ಚೆನ್ನಾಗಿ ತಣಿದಿತ್ತು. ಅಂಗೈ ಇಟ್ಟು ಒಂದು ಸಲ ಸವರಿದೆ, ಸಿಪ್ಪೆ ತಾನೇ ಬಿಟ್ಟಿತು. ಕೇರಿ ಹಾರಿಸಿ, ರಜಿಯಾಳ ಪಾಲಿಗೆ ಖಾರ ಕಡಿಮೆ ಇರಲಿ ಎಂದು ಬೇರೆ ತೆಗೆದಿಟ್ಟು, ಒರಳಿನ ಮುಂದೆ ಕುಟ್ಟಲು ಕೂತೆ.