ಆಮೆನ್ ತನಕ ಬರಿಗಾಲು

ನಿಕಾನೋರ್ ಬ್ರಕಮೊಂತೆಯನ್ನು ಫೀನಿಕ್ಸಿನ ಈಜುಕೊಳದ ಕೆಲಸಗಾರರೆಲ್ಲ ‘ಆಮೆನ್’ ಎಂದು ಕರೆಯುತ್ತಿದ್ದರು. ದೊಡ್ಡ ದೈವಭಕ್ತ ಎಂದೇನಲ್ಲ. ಅವನು ಚರ್ಚಿನ ಮೆಟ್ಟಿಲು ಹತ್ತುತ್ತಿದ್ದುದು ಯಾರದಾದರೂ ಮದುವೆಗೆ, ಇಲ್ಲವೇ ಮಣ್ಣಿಗೆ. ಆ ಹೆಸರು ಬಂದದ್ದು ಅವನ ಕಾಲಿನಿಂದ.

ಈಜುಕೊಳದ ಸುತ್ತ ನೆಲ ಹಾಸುವುದು ನಮ್ಮ ಕಸುಬು. ಸುಡುಬೇಸಿಗೆಯ ಜುಲೈ ಮಧ್ಯಾಹ್ನ ನಮ್ಮ ಈ ಮರುಭೂಮಿಯ ಊರಲ್ಲಿ ನಾಯಿ ಕೂಡ ರಸ್ತೆ ದಾಟುವ ಮುಂಚೆ ಯೋಚನೆ ಮಾಡುತ್ತದೆ. ನೀರಿನಿಂದ ಎದ್ದು ಬಂದವರು ಬರಿಗಾಲಲ್ಲಿ ಮೊದಲ ಹೆಜ್ಜೆ ಇಡುವುದು ನಾವು ಹಾಸಿದ ನೆಲದ ಮೇಲೆ. ಅದು ಸುಟ್ಟರೆ ಕೊಳ ಎಷ್ಟು ಚೆಂದವಿದ್ದು ಏನು ಬಂತು? ಆದರೂ ಜನ ಬಣ್ಣ ನೋಡಿ ಮರುಳಾಗುತ್ತಾರೆ. ಅದಕ್ಕೇ ನಿಕಾನೋರ್ ಒಂದು ಪದ್ಧತಿ ಇಟ್ಟುಕೊಂಡಿದ್ದ. ಮಾದರಿ ತುಂಡುಗಳನ್ನು ಬೆಳಿಗ್ಗೆಯೇ ಬಿಸಿಲಿಗೆ ಹಾಕುವುದು. ಮಧ್ಯಾಹ್ನ ಮೂರಕ್ಕೆ ಬೂಟು, ಕಾಲುಚೀಲ ಕಳಚಿ ಒಂದೊಂದರ ಮೇಲೂ ನಿಂತು ಪರಲೋಕದ ತಂದೆಯ ಪ್ರಾರ್ಥನೆಯನ್ನು ಗಟ್ಟಿಯಾಗಿ ಹೇಳುವುದು. ಯಾವ ಮಾತಿಗೆ ಕಾಲು ಮೇಲೆ ಹಾರುತ್ತದೋ ಅದೇ ತೀರ್ಪು. ಕೆಂಪು ಇಟ್ಟಿಗೆಯ ಮೇಲೆ ಮೊದಲ ಸಾಲಿನ ದೇವರ ಹೆಸರೆತ್ತುವಷ್ಟರಲ್ಲೇ ಜಿಗಿಯುತ್ತಿದ್ದ. ಬರೀ ಸಿಮೆಂಟಾದರೆ ನಡುವೆ ದಿನದ ರೊಟ್ಟಿ ಕೇಳುವ ಸಾಲಿನ ತನಕ. ಟ್ರಾವರ್ಟೈನ್ ಎಂಬ ತೂತುತೂತಿನ ಬಿಳಿ ಕಲ್ಲು, ಅಥವಾ ಸಿಂಪಡಿಸಿ ಕರಣೆಯಲ್ಲಿ ತಟ್ಟಿದ ಬಿಳಿ ಲೇಪವಾದರೆ ಹಲ್ಲು ಕಚ್ಚಿಕೊಂಡು, ಹಣೆಯಲ್ಲಿ ಬೆವರಿಟ್ಟುಕೊಂಡು ಪ್ರಾರ್ಥನೆಯ ಕೊನೆಯ ಮಾತಾದ ಆಮೆನ್ ಮುಟ್ಟುತ್ತಿದ್ದ.

“ಆಮೆನ್ ಅಂದ ನೆಲ ಹಾಕ್ಸಿ. ಇಲ್ಲಾಂದ್ರೆ ಸಾಯೋವರೆಗೂ ನೀರಲ್ಲೇ ಇರಿ,” ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಅವರು ಬಿದ್ದು ಬಿದ್ದು ನಗುತ್ತಿದ್ದರು. ಆಮೇಲೆ ಅವನು ಹೇಳಿದ್ದನ್ನೇ ಹಾಕಿಸುತ್ತಿದ್ದರು.

ನಮ್ಮ ಹುಡುಗರು ಊಟದ ಹೊತ್ತಿಗೆ, “ಏಯ್ ಆಮೆನ್, ಈ ತವಾ ಮೇಲೆ ಒಂದ್ಸಲ ನಿಂತು ಹೇಳೋ, ರೊಟ್ಟಿ ಬೇಯೋಷ್ಟು ಕಾದಿದ್ಯಾ ಅಂತ,” ಎಂದು ಕಾಡಿಸುತ್ತಿದ್ದರು. ಅವನು, “ನಿಮ್ಮಮ್ಮನ್ನ ಕೇಳ್ರೋ, ಅವಳು ಬೆರಳಿಟ್ಟು ಹೇಳ್ತಾಳೆ,” ಎಂದು ಬಾಯಿ ಮುಚ್ಚಿಸುತ್ತಿದ್ದ.

ನಾನು ಸಬಾಸ್. ಅವನೂ ನಾನೂ ದೇಶದ ಗಡಿಯಾಚೆಯ ಕಬೋರ್ಕಾ ಎಂಬ ಊರಿನ ಒಂದೇ ಬೀದಿಯಲ್ಲಿ ಬೆಳೆದವರು. ಹೋಗೋ ಬಾರೋ ಎಂದು ಬೈದಾಡಿಕೊಂಡೇ ದೊಡ್ಡವರಾದೆವು. ಅವನ ಮಗಳು ಡೆಲ್ಫಿನಾಳ ಜ್ಞಾನಸ್ನಾನದಲ್ಲಿ ಕೂಸನ್ನು ಎತ್ತಿಕೊಂಡು ಧರ್ಮದ ಅಪ್ಪನಾಗಿ ನಿಂತವನು ನಾನು. ನಮ್ಮಲ್ಲಿ ಆ ದಿನದಿಂದ ಇಬ್ಬರು ಗಂಡಸರ ಸಂಬಂಧ ಬದಲಾಗಿಬಿಡುತ್ತದೆ. ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ. ಹೆಸರು ಹಿಡಿದು ಕರೆಯುವ ಹಾಗಿಲ್ಲ. ನೀನು ಅನ್ನುವ ಹಾಗಿಲ್ಲ, ನೀವು ಎನ್ನಬೇಕು. ನಾಲ್ಕು ಜನರ ಮುಂದೆ ಕೊಂಪಾದ್ರೆಯ ಮಾತಿಗೆ ಎದುರು ಮಾತಂತೂ ಇಲ್ಲವೇ ಇಲ್ಲ. ಮೂವತ್ತೊಂದು ವರ್ಷ ಹಾಗೇ ನಡೆಸಿದೆವು. ಕುಡಿದು ಬಿದ್ದಾಗಲೂ, “ಏಳಿ ಕೊಂಪಾದ್ರೆ, ಮನೆಗೆ ಹೋಗೋಣ,” ಎಂದೇ ಎಬ್ಬಿಸಿದ್ದೇನೆ. ಆಗೆಲ್ಲ ಅದು ನನಗೆ ಹೆಮ್ಮೆ.

ಅರವತ್ತು ದಾಟುವಾಗ ಅವನ ಮಂಡಿ ಎರಡೂ ಕೈಕೊಟ್ಟವು. ಮಂಡಿಯೂರಿ ಕರಣೆ ಎಳೆಯಲಾಗದವನಿಗೆ ನಮ್ಮ ಕಸುಬಿನಲ್ಲಿ ಜಾಗವಿಲ್ಲ. ನಮ್ಮ ಧಣಿ ಸ್ಟ್ರೌಡ್ ಅವನನ್ನು ಕರೆದು ನನ್ನೆದುರಿಗೇ ಹೇಳಿದ: “ನೋಡಪ್ಪಾ, ನಿನ್ನ ಮಂಡಿ ನನಗೆ ಬೇಡ. ಗಿರಾಕಿಗಳಿಗೆ ನಿನ್ನ ಕಾಲಿನ ಆಟ ಅಂದ್ರೆ ಪ್ರಾಣ. ನಿನ್ನ ಪಾದ ಇರೋ ತನಕ ನಿನಗೆ ಕೆಲಸ ಇದೆ.” ಬಿಸಿ ಅಳೆಯುವ ಪಿಸ್ತೂಲಿನಂಥ ಒಂದು ಯಂತ್ರ ಆಗಲೇ ಧಣಿಯ ಮೇಜಿನ ಖಾನೆಯಲ್ಲಿತ್ತು. ಅದನ್ನು ಹೊರಗೆ ತೆಗೆಯದೆ ಇದ್ದದ್ದು ಆ ಪ್ರಾರ್ಥನೆಯ ಆಟಕ್ಕೆ ಗಿರಾಕಿಗಳು ಬೀಳುತ್ತಿದ್ದರು ಎಂಬ ಒಂದೇ ಕಾರಣಕ್ಕೆ. ನಿಕಾನೋರನಿಗೂ ಇದು ಗೊತ್ತಿತ್ತು. ಆ ಎರಡು ಪಾದ ಬಿಟ್ಟರೆ ಅವನಿಗೆ ಅನ್ನಕ್ಕೆ ಬೇರೆ ದಾರಿ ಇರಲಿಲ್ಲ.

ಆದರೆ ಅವನಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಬೇಡ ಅಂದಷ್ಟೂ ಅವನು ಬೆಲ್ಲ ತುಂಬಿದ ಕೊಯೋತಾ ಬಿಸ್ಕತ್ತು ತಿನ್ನುವವನೇ, ಮೇಲೆ ಒಂದು ಬಾಟಲಿ ತಂಪು ಕೋಲಾ ಸುರಿದುಕೊಳ್ಳುವವನೇ. ಒಂದು ಸಂಜೆ ಅವನ ಮನೆಯ ಹಿತ್ತಲಲ್ಲಿ ಕೂತಿದ್ದೆವು. ಹೆಂಡತಿ ಒತಿಲಿಯಾ ಅವನ ಬೂಟು ಒಳಗಿಡಲು ಎತ್ತಿಕೊಂಡವಳು ಚೀರಿದಳು. ಅಟ್ಟೆಯನ್ನು ತೂರಿ ಒಂದು ಬೆರಳುದ್ದದ ಮೊಳೆ ಒಳಕ್ಕೆ ಬಂದಿತ್ತು. ಅವನ ಕಾಲುಚೀಲ ರಕ್ತದಲ್ಲಿ ನೆನೆದು ಒಣಗಿ ರಟ್ಟಾಗಿತ್ತು. ದಿನವಿಡೀ ಆ ಮೊಳೆಯ ಮೇಲೆ ಓಡಾಡಿದ್ದಾನೆ, ಪುಣ್ಯಾತ್ಮನಿಗೆ ಗೊತ್ತೇ ಇಲ್ಲ!

“ನಿಮ್ಗೆ ನೋವೇ ಆಗ್ಲಿಲ್ವೇನ್ರೀ?” ಒತಿಲಿಯಾ ಅಳುತ್ತಾ ಕೇಳಿದಳು.

“ದಪ್ಪ ಚರ್ಮ ಕಣೇ. ನಲವತ್ತು ವರ್ಷ ಸುಟ್ಟು ಸುಟ್ಟು ಗಟ್ಟಿಯಾಗಿದೆ,” ಎಂದ. ಅವಳು ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿ, “ಕೊಂಪಾದ್ರೆ, ಇದು ಸ್ಟ್ರೌಡ್ ಕಿವಿಗೆ ಬೀಳಬಾರದು,” ಎಂದ.

“ನನ್ನ ಬಾಯಿಂದ ಬೀಳಲ್ಲ,” ಎಂದೆ. ದಪ್ಪ ಚರ್ಮ ಎಂದು ನಾನೂ ನಂಬಿದೆ. ನಂಬಿದೆ ಎನ್ನುವುದು ಸುಳ್ಳು. ನಂಬಿದರೆ ನೆಮ್ಮದಿ ಇತ್ತು, ಅದಕ್ಕೆ ನಂಬಿದಂತೆ ಇದ್ದೆ.

ಮುಂದಿನ ಜುಲೈಯಲ್ಲಿ ಹಾಲೋರನ್ ಎಂಬ ಮುದುಕಿಯ ಮನೆ ಕೆಲಸ ಬಂತು. ಹಿಮದ ಸೀಮೆಯಿಂದ ಬಂದು ಇಲ್ಲಿ ನೆಲೆಸಿದ ವಿಧವೆ. ಒಳ್ಳೆಯ ಹೆಂಗಸು, ನಮಗೆಲ್ಲ ಬಾಗಿಲಲ್ಲೇ ತಣ್ಣೀರು ತಂದುಕೊಡುತ್ತಿದ್ದಳು. ಕೊಳದ ಸುತ್ತ ಹಳೆಯ ಸಿಮೆಂಟು ಬಿರಿದಿತ್ತು. ಸ್ಟ್ರೌಡ್ ಮೂರು ಮಾದರಿ ಇಡಿಸಿದ. ಬಿಳಿ ಲೇಪ, ಟ್ರಾವರ್ಟೈನ್ ಕಲ್ಲು, ಮತ್ತೆ ಅವನು ಹೊಸದಾಗಿ ತರಿಸಿದ್ದ ಕಪ್ಪು ಮರದ ಹಲಗೆಯಂತೆ ಕಾಣುವ ಟೈಲು. ಮುದುಕಿಯ ಕಣ್ಣು ಟೈಲಿನ ಮೇಲೇ ಬಿತ್ತು. ಅವಳ ತವರಿನ ಸರೋವರದ ದಂಡೆಯಲ್ಲಿ ಅಂಥದೇ ಹಲಗೆ ಇತ್ತಂತೆ. ಅವಳಿಗೆ ಇದ್ದದ್ದು ಒಂದೇ ಅನುಮಾನ.

“ಮುಂದಿನ ಬೇಸಿಗೆಗೆ ನನ್ನ ಮೊಮ್ಮಗಳು ಬರ್ತಾಳೆ. ನಾಲ್ಕು ವರ್ಷ. ಚಪ್ಪಲಿ ಅಂದ್ರೆ ಆಗಲ್ಲ ಅವಳಿಗೆ. ಬರಿಗಾಲಲ್ಲಿ ಓಡಬಹುದಾ?”

ಸ್ಟ್ರೌಡ್, ಟೈಲು ತಯಾರಿಸಿದವರ ಕಾಗದ ತೆಗೆದು ಅಂಕಿ ಓದತೊಡಗಿದ. ಮುದುಕಿ ಕೈ ಅಡ್ಡ ಹಿಡಿದಳು. “ಅಂಕಿ ನನಗೆ ಅರ್ಥ ಆಗಲ್ಲಪ್ಪ. ಪ್ರಾರ್ಥನೆ ಹೇಳ್ತಾನಂತಲ್ಲ, ಅವನು ಹೇಳಿದ್ರೆ ನಂಬ್ತೀನಿ.”

ನಿಕಾನೋರ್ ಬೂಟು ಕಳಚಿದ. ಬಿಳಿ ಲೇಪದ ಮೇಲೆ ನಿಂತು ಆಮೆನ್ ಮುಟ್ಟಿದ. ಕಲ್ಲಿನ ಮೇಲೂ ಮುಟ್ಟಿದ. ಆಗಲೇ ನನಗೆ ಏನೋ ಸರಿ ಕಾಣಲಿಲ್ಲ. ಹಲ್ಲು ಕಚ್ಚಿರಲಿಲ್ಲ, ಹಣೆಯಲ್ಲಿ ಬೆವರಿಲ್ಲ, ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ. ಆಮೇಲೆ ಕಪ್ಪು ಟೈಲು. ಅದನ್ನು ಸರಿಸಿ ಇಡುವಾಗ ನನ್ನ ಅಂಗೈ ತಗುಲಿ ಚುರ್ ಅಂದಿತ್ತು. ಕೈ ಕೊಡವಿಕೊಂಡದ್ದನ್ನು ನಿಕಾನೋರ್ ನೋಡಿದ್ದ. ಟೈಲು ಹತ್ತಿದ. ದೇವರ ಹೆಸರು ಬಂತು, ಹೋಯಿತು. ರೊಟ್ಟಿ ಬಂತು, ಹೋಯಿತು. ತಪ್ಪು ಕ್ಷಮಿಸುವ ಮಾತಿಗೆ ಬಂದಾಗ ಅವನ ದನಿ ತಡವರಿಸಿತು. ತಲೆಯೆತ್ತಿ ನೆಟ್ಟಗೆ ನನ್ನ ಮುಖ ನೋಡಿದ.

ನಾನು ಕೊಳದ ನೀರು ನೋಡುತ್ತಾ ನಿಂತೆ. ಧಣಿ ಇದ್ದಾನೆ, ಗಿರಾಕಿ ಇದ್ದಾಳೆ, ನಮ್ಮ ಹುಡುಗರು ಇದ್ದಾರೆ. ಇಷ್ಟು ಜನರ ಮುಂದೆ ಕೊಂಪಾದ್ರೆಯ ಕಾಲನ್ನು ನಾನು ಸುಳ್ಳು ಮಾಡುವುದೇ?

“ಆಮೆನ್,” ಎಂದ ನಿಕಾನೋರ್.

ಮುದುಕಿ ಚಪ್ಪಾಳೆ ತಟ್ಟಿದಳು. ಸ್ಟ್ರೌಡ್ ಅವನ ಬೆನ್ನು ತಟ್ಟಿದ. ಬಿಸಿಲು ಇಳಿದ ಮೇಲೆ ನವೆಂಬರಿನಲ್ಲಿ ಆ ಟೈಲನ್ನು ಕೊಳದ ಸುತ್ತ ಕೂರಿಸಿದವನು ನಾನೇ. ಸಂದು ತುಂಬಿ, ಒರೆಸಿ, ಹೊಳಪು ಬರಿಸಿ ಕೊಟ್ಟೆ. ಚಳಿಯಲ್ಲಿ ಅದು ತಣ್ಣಗಿತ್ತು, ನೋಡಲು ಬಹಳ ಚೆಂದವಿತ್ತು.

ಜೂನ್ ಬಂತು. ಮೊಮ್ಮಗಳು ಬಂದ ಎರಡನೇ ದಿನವೇ ನೀರಿನಿಂದೆದ್ದು ಅಜ್ಜಿಯ ಕಡೆಗೆ ಓಡಿದಳಂತೆ. ಎಂಟು ಹೆಜ್ಜೆ. ಅರ್ಧ ದಾರಿಯಲ್ಲಿ ನಿಂತು ಕಿರುಚಿದಳಂತೆ, ಮುಂದೆ ಬರಲೂ ಆಗದೆ ಹಿಂದೆ ಹೋಗಲೂ ಆಗದೆ. ಎತ್ತಿಕೊಳ್ಳಲು ಮುದುಕಿ ಬರುವಷ್ಟರಲ್ಲಿ ಎರಡೂ ಅಂಗಾಲು ಬೊಬ್ಬೆ ಎದ್ದಿದ್ದವು.

ಸ್ಟ್ರೌಡ್ ಫೋನು ಮಾಡಿ ನಿಕಾನೋರನಿಗೆ ಹೇಳಿದ: “ಮೂರು ಗಂಟೆಗೆ ಆ ಮನೆಗೆ ಹೋಗು. ಆಮೆನ್ ಅಂದವನು ನೀನು, ಹೋಗಿ ಉತ್ತರ ಕೊಡು.” ನಾನೂ ಜೊತೆಗೆ ಹೋದೆ.

ಮುದುಕಿ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಸೋಫಾದ ಮೇಲೆ ಮಗು ಕೂತಿತ್ತು, ಕಾಲೆರಡಕ್ಕೂ ಬಿಳಿ ಬಟ್ಟೆ ಸುತ್ತಿ. ನಮ್ಮನ್ನು ನೋಡಿ ಕಾಲನ್ನು ದಿಂಬಿನ ಹಿಂದಕ್ಕೆ ಎಳೆದುಕೊಂಡಿತು.

“ನೀನು ನಿಂತಿದ್ದೆಯಲ್ಲಪ್ಪ, ನಾನೇ ಕಣ್ಣಾರೆ ನೋಡಿದೆ,” ಎಂದಳು ಮುದುಕಿ, ಅಷ್ಟೆ.

“ನಿಂತಿದ್ದೆ ಅಮ್ಮಾ. ಈಗಲೂ ನಿಲ್ತೀನಿ. ಮಗುವಿಗೆ ಬೇರೇನೋ ತಗುಲಿರಬೇಕು,” ಎಂದು ನಿಕಾನೋರ್ ಹಿತ್ತಲಿಗೆ ನಡೆದ. ಬೂಟು ಕಳಚತೊಡಗಿದ.

“ಬೇಡಿ ಕೊಂಪಾದ್ರೆ. ನಡೀರಿ, ಹೋಗೋಣ,” ಎಂದೆ ನಾನು, ಮೆಲ್ಲಗೆ, ಅವನೊಬ್ಬನಿಗೇ ಕೇಳುವ ಹಾಗೆ. ಆಗಲೂ ಮೆಲ್ಲಗೆ! ಮಾನ ಮರ್ಯಾದೆ ನೋಡಿಕೊಂಡೇ ಹೇಳಿದೆ, ಥೂ ನನ್ನ ಜನ್ಮಕ್ಕೆ.

ಅವನು ಟೈಲಿನ ಮೇಲೆ ನಿಂತು ಒಂದು ಸಲ ಪೂರ್ತಿ ಹೇಳಿದ. ಮುದುಕಿಯ ಮುಖ ಬದಲಾಗದ್ದನ್ನು ನೋಡಿ ಎರಡನೇ ಸಲ ಶುರು ಮಾಡಿದ. ಮೂರನೇ ಸಲದ ರೊಟ್ಟಿಯ ಮಾತಿಗೆ ನನ್ನ ಮೂಗಿಗೆ ಸುಟ್ಟ ವಾಸನೆ ಬಂತು. ನಾನು ಓಡಿ ಅವನ ಸೊಂಟ ಹಿಡಿದು ಹುಲ್ಲಿನ ಮೇಲೆ ಎಳೆದು ಹಾಕಿದೆ. ಟೈಲಿನ ಮೇಲೆ ಎರಡು ಒದ್ದೆ ಹೆಜ್ಜೆ ಉಳಿದವು. ಅವನು ನೀರಿಗೆ ಇಳಿದೇ ಇರಲಿಲ್ಲ.

“ನೋಡಿದ್ರಾ ಅಮ್ಮಾ? ಏನೂ ಆಗಿಲ್ಲ,” ಎನ್ನುತ್ತಿದ್ದ ಹುಲ್ಲಿನ ಮೇಲಿಂದ. ಮುದುಕಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅವನು ಅವಳ ಕಣ್ಣು ಹೋದ ಕಡೆ ತಾನೂ ನೋಡಿದ. ತನ್ನ ಅಂಗಾಲನ್ನು ತಿರುಗಿಸಿ ನೋಡಿಕೊಂಡ.

ಸುಟ್ಟ ಗಾಯ ಸಕ್ಕರೆಯ ಮೈಯಲ್ಲಿ ಮಾಯಲಿಲ್ಲ. ಮೂರು ವಾರಕ್ಕೆ ಎಡಪಾದ ಕತ್ತರಿಸಿದರು. ಬಲಗಾಲಿನ ಬೆರಳುಗಳೂ ಹೋದವು. ಸ್ಟ್ರೌಡ್ ಆಸ್ಪತ್ರೆಗೆ ಹೂವು ಕಳಿಸಿದ, ತಾನು ಬರಲಿಲ್ಲ. ಆ ಮನೆಯ ಕಪ್ಪು ಟೈಲನ್ನು ಕಿತ್ತು ಬಿಳಿ ಕಲ್ಲು ಹಾಸಿಕೊಟ್ಟದ್ದೂ ನಾನೇ. ಸ್ಟ್ರೌಡ್ ಖಾನೆಯಿಂದ ಆ ಪಿಸ್ತೂಲು ತೆಗೆದು ನನ್ನ ಕೈಗಿಟ್ಟ. “ಇನ್ಮೇಲೆ ಇದು ನಿನ್ನ ಕೆಲಸ,” ಎಂದ. ಬೇಡ ಎನ್ನಬಹುದಿತ್ತು. ಎನ್ನಲಿಲ್ಲ. ಈಗ ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತದೆ, ಅಂಕಿ ಬರುತ್ತದೆ, ಯಾರೂ ನಗುವುದಿಲ್ಲ.

ಕತ್ತರಿಸಿದ ಮೇಲೆ ಒಂದು ಭಾನುವಾರ ನೋಡಲು ಹೋದೆ. ಒತಿಲಿಯಾ ನನ್ನನ್ನು ಕಂಡು ಎದ್ದು ಹೊರಗೆ ಹೋದಳು. ನಿಕಾನೋರ್ ಗೋಡೆ ನೋಡುತ್ತಾ ಮಲಗಿದ್ದ. ಹೊದಿಕೆಯ ಉಬ್ಬು ಎಡಗಡೆ ಬೇಗ ಮುಗಿದು ಚಪ್ಪಟೆಯಾಗಿತ್ತು.

“ಹೇಗಿದೀರಾ ಕೊಂಪಾದ್ರೆ?” ಎಂದೆ.

ಗೋಡೆ ನೋಡುತ್ತಲೇ, “ಅವತ್ತು ಟೈಲಿಗೆ ಕೈ ತಗುಲಿತ್ತಲ್ಲ. ಸುಡ್ತಿತ್ತಾ?” ಎಂದು ಕೇಳಿದ.

“ಸುಡ್ತಿತ್ತು.”

“ನನಗೆ ಏನೂ ಗೊತ್ತಾಗ್ತಿರ್ಲಿಲ್ಲ. ಮೂರೂ ಒಂದೇ ಥರ. ಧಣಿ ಮುಂದೆ ಅದನ್ನ ಬಾಯಿಬಿಟ್ಟು ಹೇಳೋಕಾಗುತ್ತಾ? ಅದಕ್ಕೇ ಮುಖ ನೋಡ್ದೆ. ಒಂದೇ ಒಂದು ಸಲ ತಲೆ ಅಲ್ಲಾಡಿಸಿದ್ರೆ ಸಾಕಿತ್ತು. ಅಯ್ಯೋ ಅಂತ ಹಾರಿಬಿಡ್ತಿದ್ದೆ. ಎಷ್ಟು ಚೆನ್ನಾಗಿ ಹಾರೋಕೆ ಬರ್ತಿತ್ತು ನನಗೆ.”

“ಅಷ್ಟು ಜನರ ಮುಂದೆ ನಿಮ್ಮನ್ನ ಹೇಗೆ ನಾನು... ನೀವು ನನಗೆ ಕೊಂಪಾದ್ರೆ.”

“ಆ ಮಗು ಕಾಲು ಮುಚ್ಚಿಟ್ಕೊಳ್ತು,” ಎಂದ ಅವನು. “ನಮ್ಮಿಬ್ಬರನ್ನ ನೋಡಿ.”

ನಾನು ಅವನ ಕೈ ಹಿಡಿಯಲು ಹೋದೆ. ಅವನು ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡು ಮೊದಲ ಸಲ ನನ್ನ ಕಡೆ ತಿರುಗಿದ.

“ನೀನು ಹೋಗು, ಸಬಾಸ್,” ಎಂದ.

ಕಾರಿಡಾರಿನಲ್ಲಿ ಒತಿಲಿಯಾ ಬೆಂಚಿನ ಮೇಲೆ ಕೂತಿದ್ದಳು. ನಾನು ಅವಳನ್ನು ಮಾತಾಡಿಸದೆ ದಾಟಿ, ಬಿಸಿಲಿಗೆ ಹೋಗಿ, ವ್ಯಾನಿನಲ್ಲಿ ಕೂತೆ. ಮೂವತ್ತೊಂದು ವರ್ಷದ ಮೇಲೆ ಅವನು ನನ್ನನ್ನು ನೀನು ಅಂದಿದ್ದ.